ಗೆಳೆಯನ ಕುಡಿತದ ಮ್ಯಾಲೊಂದು ಹಾಡು

ವೈನಿ, ಮೊಮ್ಮಗನ ಗಿಟಾರಿನ ಸಪ್ಪಳಕ್ಕ ನೀವು ಮಾಫಿ ಕೇಳಬ್ಯಾಡ್ರಿ. ಈ ಧಾರವಾಡದ ಮಾಳಮಡ್ಡಿಯೊಳಗ ಮುಂಜಾನೆದ್ರ ತಂಬೂರಿ ಕೇಳಿದ ಕಿವಿ ನಮ್ಮವು, ಹೆವಿ ಮೆಟಲ್‌ನೂ ಕೇಳ್ತಾವ. ನಿನ್ನೆ ಸಂಜಿಮುಂದ ಅಂವ ಬಾರಿಸ್ಲಿಕ್ಕತ್ತಿದ್ದು ಓಝಿ ಓಸ್ಬಾರ್ನ್‌ನ ಹಾಡು. 2025ರ ಜುಲೈ 22ಕ್ಕ ತೀರಿಕೊಂಡನಲ್ಲ, ಅವನದು.

"ಸ್ಟೇಜಿನ ಮ್ಯಾಲೆ ಬಾವಲಿ ತಲಿ ಕಡದಾಂವ ಅಂತಾರಲ್ಲ, ಅವನ ಏನು?"

ಹೌದ್ರಿ, ಅವನ. ಬಾವಲಿ ಸುದ್ದಿ ಊರಿಗೆಲ್ಲಾ ಗೊತ್ತು, ಈ ಹಾಡಿನ ಸುದ್ದಿ ಯಾರಿಗೂ ಬೇಕಾಗಿಲ್ಲ. ಓಝಿ ಹುಟ್ಟಿದ ಇಂಗ್ಲಂಡಿನ ಬರ್ಮಿಂಗ್‌ಹ್ಯಾಮ್ ಅಂದ್ರ ಕಾರಖಾನಿ ಊರು. ನಮ್ಮ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ದುಡಿದವರಂಥ ಮಂದಿಯ ಮಕ್ಕಳು ಕೂಡಿ ಅಲ್ಲೆ ಬ್ಲ್ಯಾಕ್ ಸಬ್ಬತ್ ಅಂತ ಬ್ಯಾಂಡ್ ಕಟ್ಟಿದ್ರು. ಅದರಾಗ ಗಿಟಾರ್ ಬಾರಿಸೂ ಟೋನಿ ಅಯೋಮಿ 17ನೇ ವಯಸ್ಸಿಗೆ ತಗಡಿನ ಕಾರಖಾನ್ಯಾಗ ಎರಡು ಬೆರಳಿನ ತುದಿ ಕಳಕೊಂಡ. ಅಂವ ಸುಮ್ಮನ ಕೂಡಲಿಲ್ಲ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿಗಿ ಮಾಡಿಕೊಂಡ, ಅದಕ್ಕ ಚರ್ಮ ಅಂಟಿಸಿದ, ಒತ್ತಲಿಕ್ಕೆ ಹಗುರಾಗ್ಲಿ ಅಂತ ಮುಂದ ತಂತಿನೂ ಸಡಿಲ ಮಾಡಿದ. ಆ ದಪ್ಪ ದನಿ ಹೆವಿ ಮೆಟಲ್‌ಗೆ ಬುನಾದಿ ಆತು.

ಆ ಬ್ಯಾಂಡಿನ್ಯಾಗ ಹಾಡೂ ಓಝಿಯ ಕುಡಿತ ಮಿತಿ ಮೀರಿತು. 1979ರಾಗ ಅವನ್ನ ಹೊರಗ ಹಾಕಿದ್ರು. ತಿಂಗಳಾನುಗಟ್ಟಲೆ ಹೋಟೆಲ್ ಖೋಲಿಯೊಳಗ ಕುಡಕೋತ ಬಿದ್ದಿದ್ದ. ಆಮ್ಯಾಲೆ ಹೊಸಾ ಬ್ಯಾಂಡ್ ಕೂಡಿ ಬಂತು, 1980ಕ್ಕ 'ಬ್ಲಿಝರ್ಡ್ ಆಫ್ ಓಝ್' ಆಲ್ಬಮ್ ಬಂತು. ಅದರಾಗ ಬೇಸ್ ಗಿಟಾರ್ ಬಾರಿಸ್ದಾಂವ ಬಾಬ್ ಡೇಸ್ಲಿ, ಹಾಡೂ ಅಂವನ ಬರೀತಿದ್ದ. ಕಣ್ಣ ಮುಂದನ ಗೆಳೆಯಾ ಕುಡಿದು ಹಾಳಾಗೂದು ನೋಡಿ 'ಸುಯಿಸೈಡ್ ಸೊಲ್ಯೂಶನ್' ಬರದ, ನಿನ್ನೆ ಮೊಮ್ಮಗ ಬಾರಿಸಿದ್ದು ಇದ. ಬಾಟ್ಲಿ ಹಿಡದಾಂವ ದಿನಾ ಒಂದೀಟು ಒಂದೀಟು ಸಾಯ್ತಾನ ಅನ್ನೂದ ಅದರ ಸಾರ.

ಹಾಡಿದಾಂವ ಯಾರು? ಓಝಿನ! ಅಂವ ಮಾತ್ರ, ಎಸಿ/ಡಿಸಿ ಬ್ಯಾಂಡಿನ ಬಾನ್ ಸ್ಕಾಟ್ 1980ರ ಫೆಬ್ರುವರಿಯೊಳಗ ಕುಡಿದು ಸತ್ತನಲ್ಲ, ಇದು ಅವನ ಹಾಡು ಅಂತಿದ್ದ. ನಿನ್ನ ನೋಡೇ ಬರದದ್ದು ಅಂತ ಡೇಸ್ಲಿ. ತನ್ನ ಕತಿ ತನ್ನ ಬಾಯಿಲೆ ಹಾಡಿದ್ರೂ ಮನುಷ್ಯಾಗ ಅದು ಇನ್ನೊಬ್ಬರದ್ದ ಅನಸ್ತದ, ವೈನಿ.

"ಇಂಥಾ ಹಾಡು ಕೇಳಿನ ಹುಡುಗ್ರು ಕೆಡ್ತಾರ ಅಂತಾರಲ್ರಿ?"

ಅಮೇರಿಕಾದಾಗ ಹಂಗ ಕೋರ್ಟಿಗೂ ಹೋಗಿದ್ರು. 1984ರಾಗ 19 ವರ್ಷದ ಹುಡುಗೊಬ್ಬ ಜೀವಾ ಕಳಕೊಂಡ, ಈ ಹಾಡ ಕಾರಣ ಅಂತ ತಂದಿ-ತಾಯಿ ದಾವಾ ಹೂಡಿದ್ರು. ಕೋರ್ಟು ಒಪ್ಪಲಿಲ್ಲ, 1988ರಾಗ ಮ್ಯಾಲಿನ ಕೋರ್ಟೂ ಒಪ್ಪಲಿಲ್ಲ. ಆ ಹಡೆದವರ ಸಂಕಟ ದೊಡ್ಡದು. ಆದ್ರ ಆ ಹಾಡು ಹುಟ್ಟಿದ್ದು ಒಬ್ಬ ಗೆಳೆಯಾ ಉಳೀಲಿ ಅನ್ನೂ ಕಳಕಳಿಯಿಂದ. ಹಂಗಂತ ಹಾಡಿನಿಂದ ಓಝಿ ಕುಡಿಯೂದು ಬಿಡಲಿಲ್ಲ. ಚಿಕಿತ್ಸಾ ಕೇಂದ್ರಕ್ಕ ಹೋದ, ಮತ್ತ ಜಾರಿದ, ಮತ್ತ ಹೋದ. ಹೆಂಡತಿ ಶ್ಯಾರನ್ ಕೈ ಬಿಡಲಿಲ್ಲ. ಕಡೀಕ 2025ರ ಜುಲೈ 5ಕ್ಕ ಬರ್ಮಿಂಗ್‌ಹ್ಯಾಮಿನ್ಯಾಗ, ಪಾರ್ಕಿನ್ಸನ್ ಬ್ಯಾನಿ ಹತ್ತಿದ ಮೈಯಿಂದ ಖುರ್ಚಿ ಮ್ಯಾಲೆ ಕುಂತು, ಹೊರಗ ಹಾಕಿದ ಅದ ಗೆಳೆಯರ ಜೋಡಿ ಹಾಡಿದ.

"ನಮ್ಮ ಹುಡುಗನ ಬ್ಯಾಂಡಿನ್ಯಾಗೂ ಒಬ್ಬಾಂವ ಇದ್ದಾನ್ರಿ. ಡ್ರಮ್ ಬಾರಿಸ್ತಾನ. ಈಗ ಊಟಿಲ್ಲ, ಮಾತಿಲ್ಲ, ಖೋಲಿ ಬಾಗಲಾ ತಗಿಯೂದಿಲ್ಲಂತ. ಅವನ ಮ್ಯಾಲೆನ ಇವ ಹಾಡು ಬರೀಲಿಕ್ಕತ್ಯಾನ."

ಬರೀಲಿ ವೈನಿ, ಬ್ಯಾಡ ಅನ್ನಬ್ಯಾಡ್ರಿ. ಆದ್ರ ಸ್ಟೇಜಿಗೆ ಹೋಗೂಕ್ಕಿಂತ ಮೊದಲ ಆ ಹಾಡು ಆ ಹುಡುಗನ ಮುಂದ ಓದ್ಲಿ, ಅವನ ಕೇಳಿ ಮುಂದ ಹೋಗ್ಲಿ. ಬಾಜೂಕ ಕುಂತು ಅವನ ಮಾತು ಕೇಳ್ಲಿ. ಬೆಳಗಾವಿ ರಸ್ತೆದಾಗ ಮನಸ್ಸಿನ ಬ್ಯಾನಿ ನೋಡೂ ನಮ್ಮ ಡಿಮ್ಹಾನ್ಸ್ ದವಾಖಾನಿ ಅದ, ಜೋಡಿ ಕರಕೊಂಡು ಹೋಗ್ಲಿ. ಅಲ್ಲಿಗೆ ಹೋಗೂದು ನಾಚಿಕಿ ಮಾತಲ್ಲ. ಇವತ್ತ ಆಗಲಿಲ್ಲ ಅಂದ್ರ ಟೆಲಿ-ಮಾನಸ್ ಸಹಾಯವಾಣಿ ಅದ, 14416. ಹಗಲು-ರಾತ್ರಿ ನಡೀತದ, ದುಡ್ಡಿಲ್ಲ, ಕನ್ನಡದಾಗ ಮಾತಾಡ್ತಾರ. ಆ ನಂಬರ್ ಈಗ ಬರಕೊಳ್ರಿ, ಸಂಜಿಕ ಮೊಮ್ಮಗ ಬಂದ ಕೂಡಲೆ ಅವನ ಕೈಯಾಗ ಕೊಡ್ರಿ.