ಪಾಸ್ ಐತೇನ್ರಿ?

ಸುಳ್ಳು ಹೇಳಬ್ಯಾಡ್ರಿ. ನಿಮಗ ನಾಟಕ ಅಂದ್ರ ಜೀವ, ಊಟ ಅಂದ್ರ ಪ್ರಾಣ, ಪುಸ್ತಕ ಅಂದ್ರ ಹುಚ್ಚು, ಕುಸ್ತಿ-ಕ್ರಿಕೆಟ್ ಅಂದ್ರ ನಿದ್ದಿ ಬ್ಯಾಡ. ಹೌದಲ್ರಿ? ಹಂಗಾದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೋದ ವರ್ಷ ಈ ನಾಲ್ಕೂ ಶೋಕಿಗೆ ನಿಮ್ಮ ಕಿಸೆದಿಂದ ಎಷ್ಟು ರೊಕ್ಕ ಬಿಚ್ಚೀರಿ? (ಮಾಳಗಿ ಯಾಕ ನೋಡ್ತೀರಿ, ಈ ಕಡೆ ನೋಡ್ರಿ.)

ಇಂಗ್ಲೆಂಡಿನಾಗ ಇಂಥಾ ರಸಿಕರದು ಒಂದು ಜಾತಿನೇ ಇತ್ತು. ವುಡ್‌ಹೌಸ್ ಬರೆದ ಬರ್ಟಿ ವೂಸ್ಟರ್ ಗೊತ್ತಲ್ಲ? ಕೆಲಸಿಲ್ಲ, ಬೊಗಸಿಲ್ಲ. ಹೊತ್ತೇರಿದ ಮ್ಯಾಲೆ ಹಾಸಿಗ್ಯಾಗ ಚಹಾ, ಆಮ್ಯಾಲೆ ಡ್ರೋನ್ಸ್ ಕ್ಲಬ್ಬು, ಬಟ್ಟಿಬರಿ ನೋಡಾಕ ಜೀವ್ಸ್ ಅನ್ನೋ ಆಳು. ಆದ್ರ ಅಂವ ಶೋಕಿ ಮಾಡಿದ್ದು ಹಿರ್ಯಾರು ಬಿಟ್ಟ ರೊಕ್ಕದಾಗ. ನಮ್ಮ ವಿಜಯಪುರದ ರಸಿಕ ಅವನಿಗಿಂತ ಒಂದು ಕೈ ಮ್ಯಾಲೆ. ಶೋಕಿ ಎಲ್ಲಾ ಅದಾವು, ರೊಕ್ಕ ಮಾತ್ರ ಮಂದೀದು.

ನಾಟಕದಿಂದನೇ ಹಿಡೀರಿ. ನಮ್ಮೂರ ರಂಗಮಂದಿರಕ್ಕ ಕಂದಗಲ್ಲ ಹನಮಂತರಾಯರ ಹೆಸರೈತಿ. ಈಗ ಬಾಗಲಕೋಟಿಗೆ ಸೇರಿರೋ ಕಂದಗಲ್ಲದವರು, ಆವಾಗ ಅದೂ ನಮ್ಮ ಜಿಲ್ಲೆನೇ. ರಕ್ತರಾತ್ರಿ, ಅಕ್ಷಯಾಂಬರ, ಬಾಣಸಿಗ ಭೀಮ ಅಂತ ಮಹಾಭಾರತ ಹಿಡಿದು ನಾಟಕದ ಮ್ಯಾಲೆ ನಾಟಕ ಬರೆದ್ರು. ಮಂದಿ ಅವರಿಗೆ ಕರ್ನಾಟಕದ ಶೇಕ್ಸ್‌ಪಿಯರ್ ಅಂದ್ರು.

ಅಂಥವರ ಹೆಸರಿನ ರಂಗಮಂದಿರಕ್ಕ ನೀವು ಬರೋದು ಹೆಂಗ? ಮೊದಲು ಫೋನು: ‘ಪಾಸ್ ಐತೇನ್ರಿ?’ ಇಲ್ಲ ಅಂದ್ರೂ ಚಿಂತಿಲ್ಲ, ಎರಡನೇ ಅಂಕಕ್ಕ ಬರ್ತೀರಿ (ಆವಾಗ ಗೇಟಿನ್ಯಾಗ ಯಾರೂ ಇರಂಗಿಲ್ಲ, ನನಗೂ ಗೊತ್ತೈತಿ). ಬಂದು ಕೂಡ್ರೋದು ಎಲ್ಲಿ? ಮುಂದಿನ ಸಾಲಿನ್ಯಾಗ.

ಕುಂತ ಮ್ಯಾಲೆ ಶುರು. ಶಕುನಿಗೆ ಧ್ವನಿ ಇಲ್ಲ, ದ್ರೌಪದಿಗೆ ವಯಸ್ಸಾತು, ಪೇಟಿ ಮಾಸ್ತರಗ ತಾಳ ಗೊತ್ತಿಲ್ಲ. ‘ಏಣಗಿ ಬಾಳಪ್ಪನವರ ನಾಟಕ ನೋಡಿದ ಕಣ್ಣಿವು’ ಅಂತ ಪಕ್ಕದವರ ಕಿವ್ಯಾಗ ಹೇಳ್ತೀರಿ. ನೂರು ದಾಟಿ ಬದುಕಿದ ಹಿರಿಯ ಕಲಾವಿದ್ರು, ಅವರ ಹೆಸರು ಹೇಳಿದ್ರ ಎದುರು ಮಾತಾಡೋರು ಯಾರು? (ಆವಾಗೂ ನಿಮ್ಮದು ಪಾಸೇ ಇದ್ದೀತು.)

ಬಾಣಸಿಗ ಭೀಮ ಅಂದೆ ನೋಡ್ರಿ, ಆವಾಗ ನಿಮ್ಮ ಮುಖ ಅರಳ್ತು. ಭೀಮ ನೆನಪಾಗಿಲ್ಲ, ಅಡಗಿ ನೆನಪಾತು. ನಡೀರಿ, ಖಾನಾವಳಿಗೆ ಹೋಗೂಣು. ಬಿಳಿಜೋಳದ ಬಿಸಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಮಡಕಿಕಾಳ ಪಲ್ಯ, ಶೇಂಗಾ ಹಿಂಡಿ ಮ್ಯಾಲೆ ಗಟ್ಟಿ ಮೊಸರು, ಬಾಜೂಕ ಹಸಿ ಉಳ್ಳಾಗಡ್ಡಿ.

ಮೂರು ರೊಟ್ಟಿ ತನಕ ನಿಮ್ಮ ಮಾತೇ ಇಲ್ಲ. ನಾಲ್ಕನೇದಕ್ಕ ‘ಯಾಕೋ ಇವತ್ತ ಹಸಿವಿಲ್ರಿ’ ಅಂತೀರಿ. ಆರನೇದು ಮುಗಿಸಿ ಕೈ ನೆಕ್ಕೋತ ‘ಇದು ಮಾಲದಂಡಿ ಜೋಳದ ಹಿಟ್ಟಲ್ಲ ಬಿಡ್ರಿ’ ಅಂತ ತೀರ್ಪು ಬರ್ತದ. ಅಷ್ಟು ಹೇಳಾಕ ಆರು ರೊಟ್ಟಿ ಬೇಕಿದ್ವೇನ್ರಿ?

ಬಿಲ್ಲಿನ ಕತಿ ಬ್ಯಾರೇನೇ. ಗೋಲಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳಿಸ್ತದಂತ. ಖಾನಾವಳಿ ಮಾಲಕ ಏಳು ಸಲ ‘ಬಿಲ್ಲು’ ಅಂತ ಕೂಗಿದ್ರೂ ನಿಮಗ ಒಂದೂ ಕೇಳಿಸಂಗಿಲ್ಲ.

ಟಿಕೋಟಾದ ದೋಸ್ತ ಜೋಡಿ ಇದ್ರಂತೂ ಕಿವಿ ಪೂರಾ ಬಂದ್. ದ್ರಾಕ್ಷಿ ತೋಟದವ, ಒಣದ್ರಾಕ್ಷಿ ಮಾರಿ ಬಂದಾನ, ಕೊಡ್ಲಿ ಬಿಡ್ರಿ! (ಅಂವ ಬಳ್ಳಿ ಚಾಟ್ನಿ ಮಾಡಿ, ಔಷಧ ಹೊಡದು, ಶೆಡ್ಡಿನ್ಯಾಗ ಹಣ್ಣು ಹರವಿ, ಮೋಡ ಕಂಡಾಗೊಮ್ಮೆ ಎದಿ ಹಿಡ್ಕೊಂಡು ಕುಂತಿದ್ದು ನಿಮಗ್ಯಾಕ?) ಮ್ಯಾಲೆ ಹೋಗೋವಾಗ ‘ಮನ್ಯಾಗ ಹುಡುಗ್ರು ಕೇಳ್ತಾವು’ ಅಂತ ಎರಡು ಕಿಲೋ ಚೀಲನೂ ಇಸ್ಕೋತೀರಿ.

ಪುಸ್ತಕದ ಮಾತು ತಗೀಬಾರದಿತ್ತು, ಆದ್ರ ತಗೀತೀನಿ. ನಿಮ್ಮ ಕಪಾಟು ನೋಡೀನಿ. ಅರ್ಧ ಪುಸ್ತಕದ ಮೊದಲನೇ ಹಾಳಿ ಮ್ಯಾಲೆ ಬ್ಯಾರೇಯವರ ಹೆಸರು. ಉಳಿದ ಅರ್ಧಕ್ಕ ಮೊದಲನೇ ಹಾಳಿನೇ ಇಲ್ಲ.

ಇದೇ ಊರಾಗ ಫ.ಗು. ಹಳಕಟ್ಟಿ ಅನ್ನೋ ವಕೀಲರು ಇದ್ರು. ವಚನದ ತಾಳೆಗರಿ ಹುಡುಕ್ಕೋತ ಊರೂರು ತಿರುಗಿದ್ರು, 1923ರಾಗ ವಚನಶಾಸ್ತ್ರಸಾರ ಹೊರಗ ತಂದ್ರು. ಇದ್ದ ಮನಿ ಮಾರಿ ಹಿತಚಿಂತಕ ಪ್ರೆಸ್ ಹಾಕಿದ್ರು, 1926ರಾಗ ಶಿವಾನುಭವ ಪತ್ರಿಕೆ ಶುರು ಮಾಡಿದ್ರು. ಮನಿ ಮಾರಿದ್ರು ಅಂದೆ, ಕೇಳಿಸ್ತಲ್ಲ?

ಮತ್ತ ನೀವು? 2013ರಾಗ 79ನೇ ಸಾಹಿತ್ಯ ಸಮ್ಮೇಳನ ನಮ್ಮೂರಿಗೇ ಬಂದಿತ್ತು. ಪುಸ್ತಕದ ಮಳಿಗ್ಯಾಗ ರಿಯಾಯ್ತಿ ಸಾಲದು ಅಂತ ಅರ್ಧ ತಾಸು ಜಗಳಾಡಿ, ಕಡೀಕ ಕ್ಯಾಟಲಾಗ್ ಒಂದು ಮಡಚಿ ಬಗಲಾಗ ಇಟ್ಕೊಂಡು ಊಟದ ಪಾಳಿ ಹಚ್ಚಿದ್ರಿ. (ಕ್ಯಾಟಲಾಗ್ ಪುಕ್ಕಟೆ.)

ಆಟದಾಗ ಮಾತ್ರ ನಿಮ್ಮನ್ನ ಮೀರಿಸೋರಿಲ್ಲ. ಬಬಲೇಶ್ವರ ಕಡೆ ಜಾತ್ರ್ಯಾಗ ಕುಸ್ತಿ ನಡದ್ರ ಪೈಲವಾನಗಿಂತ ನಿಮಗೇ ಬೆವರು ಜಾಸ್ತಿ. ‘ಕಾಲು ಹಿಡಿಯಲೇ! ಡಾವ ಹಾಕು!’ ಅಂತ ಒದರಿ ಒದರಿ ಗಂಟಲ ಹರೀತದ. ಗೆದ್ದವಗ ಇನಾಮು ಕೂಡಿಸಾಕ ಟಾವೆಲ್ ಹಿಡ್ಕೊಂಡು ಬಂದ್ರೋ, ನಿಮಗ ಅವಸರದ ಫೋನ್ ಬರ್ತದ. ಸೈಕ್ಲಿಂಗಿಗೆ ಹೆಸರಾದ ಜಿಲ್ಲಾ ನಮ್ಮದು, ನೀವು ಮೂಲಿ ಅಂಗಡಿಗೆ ಹಾಲು ತರಾಕೂ ಸ್ಕೂಟಿ ತಗೀತೀರಿ.

ನಮ್ಮೂರ ರಾಜೇಶ್ವರಿ ಗಾಯಕವಾಡ ಇಂಗ್ಲೆಂಡಿನ ಡರ್ಬಿಯೊಳಗ, 2017ರ ಜುಲೈ 15ಕ್ಕ, ವಿಶ್ವಕಪ್ಪಿನ ಮ್ಯಾಚಿನ್ಯಾಗ ಬರೇ 15 ರನ್ ಕೊಟ್ಟು 5 ವಿಕೆಟ್ ಕಿತ್ತಿದ್ಲು. ನ್ಯೂಜಿಲೆಂಡ್ 79ಕ್ಕ ಗಂಟುಮೂಟಿ ಕಟ್ತು. ‘ನಮ್ಮ ಹುಡುಗಿ’ ಅಂತ ಅವತ್ತು ಎದಿ ಉಬ್ಬಿಸಿದ್ರಲ್ಲ, ಅದರ ಹಿಂದಿನ ಮ್ಯಾಚಿಗೆ ‘ಹೆಣ್ಮಕ್ಕಳದು ಏನ್ ನೋಡ್ತಿ’ ಅಂತ ಚಾನೆಲ್ ತಿರುವಿದವರು ಯಾರು? (ಟೀವಿನೂ ನಿಮ್ಮದಲ್ಲ, ಎದುರುಮನಿಯವರದು.)

ಬಿಡ್ರಿ, ನಿಮ್ಮಂಥವರು ಇಲ್ಲಂದ್ರ ಪೆಂಡಾಲು ಬಣಬಣ, ಅದು ಖರೇನೇ. ಆದ್ರ ಮುಂದಿನ ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿ ಬರ್ತದಲ್ಲ, ಆವಾಗ ಒಂದು ನಾಟಕದ ಟಿಕೆಟ್ಟು ರೊಕ್ಕಾ ಕೊಟ್ಟು ತಗೊಂಡು ನೋಡ್ರಿ. ಶಕುನಿ ಧ್ವನಿ ಎಷ್ಟು ಛಲೋ ಕೇಳಿಸ್ತದ! ಅಂದಂಗ, ನಿಮ್ಮ ಕೈಯಾಗಿನ ಈ ಪತ್ರಿಕೆ ಯಾರದು? ಓದಿ ಮುಗೀತಲ್ಲ, ಕೊಟ್ಟು ಬರ್ರಿ. ಪಾಪ, ರೊಕ್ಕಾ ಕೊಟ್ಟು ತರಿಸಿದವರು ಇನ್ನಾ ಓದಿಲ್ಲ.