ಶಿರಾಳಕೊಪ್ಪದ ಶಿರಾಜ್

ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ‘ವೈನ್ಸ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗೆ ಹೋಗಿ ವೈನು ಕೇಳಿ ನೋಡಿ. ಅಂಗಡಿಯವನು ಕ್ವಾರ್ಟರು ಕಟ್ಟುತ್ತಿದ್ದ ಕೈ ನಿಲ್ಲಿಸಿ, “ಯಾರಿಗೆ ಸಾರ್, ಬಾಣಂತಿಗಾ?” ಎನ್ನುತ್ತಾನೆ. ಆಮೇಲೆ ಸ್ಟೂಲು ಹತ್ತಿ, ಧೂಳು ಹಿಡಿದ ಒಂದು ಬಾಟಲಿಯನ್ನು ಮಗುವನ್ನು ಇಳಿಸಿದ ಹಾಗೆ ಇಳಿಸುತ್ತಾನೆ.

ಇದರಲ್ಲಿ ಅವನ ತಪ್ಪೇನಿಲ್ಲ. 2007ರಲ್ಲಿ ನಮ್ಮ ಶಿಕಾರಿಪುರದ ಶಾಸಕರೇ ಆಗಿದ್ದ ಯಡಿಯೂರಪ್ಪನವರು ಹಣಕಾಸು ಮಂತ್ರಿಯಾಗಿ ಬಜೆಟ್ಟು ಓದಿ, ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಅದೇ ವರ್ಷ ರಾಜ್ಯಕ್ಕೆ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಹಿಂಬಾಗಿಲಿನಿಂದ ಪಾಕೀಟು ಹೋಯಿತು, ಮುಂಬಾಗಿಲಿನಿಂದ ಬಾಟಲಿ ಬಂತು. ಆದರೆ ಆ ಬಾಟಲಿ ನಂದಿ ಬೆಟ್ಟದ ತಪ್ಪಲಲ್ಲೋ ವಿಜಯಪುರದ ಕಡೆಯೋ ಉಳಿದುಕೊಂಡಿತೇ ಹೊರತು ನಮ್ಮ ಘಟ್ಟದ ಸೆರಗಿಗೆ ಬರಲಿಲ್ಲ. ಇಲ್ಲಿಯ ಮಳೆಗೆ ದ್ರಾಕ್ಷಿ ಬಳ್ಳಿ ಬೂಜು ಹಿಡಿದು ಕೂರುತ್ತದೆ. ನಮಗೆ ಅಡಿಕೆಯೇ ಗತಿ, ಅನಾನಸೇ ಹಣ್ಣು.

ಹೀಗಿರಲು ಹೋದ ಮೇ ಕೊನೆಯಲ್ಲಿ, ಸೊರಬದ ತೋಟದಲ್ಲಿ ಔಷಧಿ ಹೊಡೆಸುವ ದಿನವೇ, ಬೆಂಗಳೂರಿನಿಂದ ಅಕ್ಕನ ಮಗ ಎರಡು ಬಾಟಲಿ ಹಿಡಿದು ಬಂದಿಳಿದ. ಯಾವುದೋ ವೈನರಿಗೆ ಒಂದು ದಿನದ ಪ್ರವಾಸ ಹೋಗಿ ಪಂಡಿತನಾಗಿದ್ದ. ಒಂದು ಕೆಂಪು, ಒಂದು ಸಿಹಿ.

“ಮಾವ, ಇದು ಶಿರಾಜ್.”

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ದೊಡ್ಡಮ್ಮ ತಲೆ ಎತ್ತಿದಳು. “ಶಿರಾಳಕೊಪ್ಪದ್ದಾ?”

ಅವನು ಇರಾನಿನಲ್ಲಿ ಶಿರಾಜ್ ಎಂಬ ಊರಿದೆ, ಆದರೆ ದ್ರಾಕ್ಷಿ ಅಲ್ಲಿಯದಲ್ಲ, ಅಪ್ಪ ಅಮ್ಮ ಇಬ್ಬರೂ ಫ್ರಾನ್ಸಿನ ತಳಿಗಳೆಂದು ಡಿಎನ್‌ಎ ನೋಡಿ ಪತ್ತೆ ಮಾಡಿದ್ದಾರೆ ಎಂದೆಲ್ಲ ಹೇಳಿದ. ದೊಡ್ಡಮ್ಮ ಕೇಳಿಸಿಕೊಂಡು, “ಹುಟ್ಟಿದ್ದೊಂದು ಕಡೆ, ಹೆಸರೊಂದು ಕಡೆದು. ದತ್ತು ಹೋಗಿರಬೇಕು” ಎಂದು ಎಲೆ ಮಡಚಿದಳು.

ಬಿರಡೆ ತೆಗೆಯುವ ಸಾಧನ ನಮ್ಮ ಮನೆಯಲ್ಲಿ ಇರುವುದಾದರೂ ಹೇಗೆ? ಬಾಗಿಲಿನ ಚಿಲಕದಿಂದ ಒಂದು ಸ್ಕ್ರೂ ಬಿಚ್ಚಿ, ಬಿರಡೆಗೆ ತಿರುಗಿಸಿ, ಇಕ್ಕಳ ಹಾಕಿ ಎಳೆದೆವು. ಅರ್ಧ ಬಿರಡೆ ಮೇಲೆ ಬಂತು, ಅರ್ಧ ಒಳಗೆ ಬಿತ್ತು. ಸ್ಟೀಲ್ ಲೋಟಕ್ಕೆ ಬಗ್ಗಿಸಿದ್ದೇ ತಡ, ಅಳಿಯ ಕೈ ಅಡ್ಡ ಹಿಡಿದ. “ಅರ್ಧ ಗಂಟೆ ಉಸಿರಾಡಲಿ ಮಾವ.”

“ಯಾಕೆ, ಅದಕ್ಕೂ ದಮ್ಮಾ?” ಎಂದಳು ದೊಡ್ಡಮ್ಮ. ಅವಳಿಗೆ 80 ದಾಟಿದೆ, ದಮ್ಮು ಅವಳ ಹಳೆಯ ಗೆಳತಿ.

ಉಸಿರಾಟ ಮುಗಿಯುವವರೆಗೆ ಅವನು ಅದರಲ್ಲಿರುವ ಪರಿಮಳಗಳ ಪಟ್ಟಿ ಓದಿದ: ಕಾಳುಮೆಣಸು, ತಂಬಾಕು, ತೊಗಲು. ಮೆಣಸಿನ ಮಾತು ಸುಳ್ಳಲ್ಲ. ಕಾಳುಮೆಣಸಿಗೆ ಘಮ ಕೊಡುವ ರೊಟಂಡೋನ್ ಎಂಬ ವಸ್ತುವೇ ಶಿರಾಜ್ ಸಿಪ್ಪೆಯಲ್ಲೂ ಇದೆಯೆಂದು 2008ರಲ್ಲಿ ಕಂಡುಕೊಂಡರು. ನಮಗೆ ಮೆಣಸು ಬೇಕಾದರೆ ಅಡಿಕೆ ಮರಕ್ಕೇ ಹಬ್ಬಿದೆ, ಬಾಟಲಿಯೊಳಗೆ ಹುಡುಕಬೇಕಿಲ್ಲ. ತಂಬಾಕಿನ ವಿಷಯಕ್ಕೆ ದೊಡ್ಡಮ್ಮ ತನ್ನ ಎಲೆಯಡಿಕೆ ಚೀಲವನ್ನೇ ಅವನ ಮೂಗಿಗೆ ಹಿಡಿದಳು.

ನಾನು ಒಂದು ಗುಟುಕು ಕುಡಿದೆ. ನಾಲಿಗೆ ಒಣಗಿ ಅಂಗುಳಿಗೆ ಹತ್ತಿತು. ಇದಕ್ಕೆ ‘ಡ್ರೈ’ ಎನ್ನುತ್ತಾರಂತೆ. ಈಸ್ಟು ಸಕ್ಕರೆಯನ್ನೆಲ್ಲ ತಿಂದು ಆಲ್ಕೋಹಾಲು ಮಾಡಿ, ಸಿಹಿ ಉಳಿಯದಿದ್ದರೆ ಅದು ಡ್ರೈ. ನಮಗೆ ಗೊತ್ತಿದ್ದ ಡ್ರೈ ಎಂದರೆ ಗಾಂಧಿ ಜಯಂತಿ. ಆದರೆ ನಾಲಿಗೆ ಒಣಗಿಸಿದ್ದು ಬೇರೆ. ಹೆಚ್ಚಿನ ಕೆಂಪು ದ್ರಾಕ್ಷಿಯ ರಸಕ್ಕೆ ಬಣ್ಣವೇ ಇಲ್ಲ, ಸಿಪ್ಪೆ ಬೀಜದ ಸಮೇತ ಹುಳಿಯಲು ಬಿಟ್ಟಾಗ ಬಣ್ಣವೂ ಇಳಿಯುತ್ತದೆ, ಟ್ಯಾನಿನ್ ಎಂಬುದೂ ಇಳಿಯುತ್ತದೆ ಎಂದು ಅಳಿಯ ಶುರುಮಾಡಿದ. ದೊಡ್ಡಮ್ಮ ಬೆರಳ ತುದಿ ಅದ್ದಿ ನೆಕ್ಕಿ, ಒಂದೇ ಮಾತಿನಲ್ಲಿ ಅವನ ಪ್ರವಾಸದ ದುಡ್ಡು ದಂಡ ಮಾಡಿದಳು. “ಚೊಗರು!”

ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಆ ಕೆಂಪು ಕಷಾಯವೇ ಚೊಗರು. ಬೆಂದ ಅಡಿಕೆಗೆ ಬಣ್ಣ ಕೊಡುವುದೂ ಅದೇ, ಕೈಗೆ ಹತ್ತಿದರೆ ವಾರಗಟ್ಟಲೆ ಬಿಡದಿರುವುದೂ ಅದೇ. ಅಡಿಕೆಯ ಒಗರೂ ಟ್ಯಾನಿನ್ನೇ. ಫ್ರಾನ್ಸಿನವರು ಓಕ್ ಪೀಪಾಯಿಯಲ್ಲಿಟ್ಟು ಮೂಸುವುದನ್ನು ನಾವು ಹಂಡೆಯಲ್ಲಿ ಕುದಿಸಿ ಅಂಗಳಕ್ಕೆ ಒಣಹಾಕಿದ್ದೇವೆ, ಅಷ್ಟೆ.

ಊಟದ ಜೋಡಿಯ ಪ್ರಶ್ನೆ ಬಂತು. ಕೆಂಪಿಗೆ ಮಾಂಸ, ಸಿಹಿಗೆ ಖಾರ ಎಂದು ಅವನ ಶಾಸ್ತ್ರ. ಆದರೆ ಅವತ್ತು ಮನೆಯಲ್ಲಿದ್ದದ್ದು ಪಕ್ಕದೂರಿನ ಕೆರೆಬೇಟೆಯಲ್ಲಿ ಕೂಣಿ ಹಾಕಿ ಹಿಡಿದ ಮೀನಿನ ಸಾರು, ಅಕ್ಕಿ ರೊಟ್ಟಿ. ಬೇಡ ಬೇಡವೆಂದರೂ ಕೇಳದೆ ಮೀನಿನ ಮೇಲೆ ಕೆಂಪು ಹೀರಿದೆ. ಗುದ್ದಲಿ ನೆಕ್ಕಿದ ಹಾಗಾಯಿತು. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿಗೆ ಸೇರಿದರೆ ಹೀಗಾಗುತ್ತದಂತೆ. ಸಿಹಿಯದು ಬೆಂಗಳೂರು ಬ್ಲೂ ದ್ರಾಕ್ಷಿಯದು. 2013ರಲ್ಲಿ ಜಿಐ ಟ್ಯಾಗು ಪಡೆದ ಅದೇ ಕಪ್ಪು ದ್ರಾಕ್ಷಿ, ಜ್ಯೂಸಿನಂಗಡಿಯ ಘಮ. ಸಂಜೆಗೆ ಶಿರಾಳಕೊಪ್ಪದಿಂದ ತರಿಸಿದ ಮಂಡಕ್ಕಿ ಮೆಣಸಿನಕಾಯಿಯ ಜೊತೆ ಅದು ಹೊಂದಿಕೊಂಡ ರೀತಿ ನೋಡಿದರೆ ಜಾತಕ ನೋಡದೆ ಮದುವೆ ಮಾಡಬಹುದಿತ್ತು. ಖಾರ ಹತ್ತಿದಲ್ಲೆಲ್ಲ ಹೋಗಿ ಸಮಾಧಾನ ಹೇಳುತ್ತಿತ್ತು.

ಸೋತ ಅಳಿಯ ಕೊನೆಯ ಅಸ್ತ್ರ ತೆಗೆದ. “ಏನೇ ಅನ್ನಿ ಮಾವ, ವೈನ್ ಅಂದ್ರೆ ಬೋರ್ಡೋ. ನಿಮಗೆ ಆ ಹೆಸರೂ ಗೊತ್ತಿರಲಿಕ್ಕಿಲ್ಲ.”

ತೋಟಕ್ಕೆ ಔಷಧಿ ಹೊಡೆದು ಬಂದು ಜಗಲಿಯಲ್ಲಿ ಕೂತಿದ್ದ ಕೊನೆಗೌಡ ನಕ್ಕೇಬಿಟ್ಟ. ಅವನ ಅಂಗಿಯ ಮೇಲೆಲ್ಲ ಬೋರ್ಡೋವೇ ನೀಲಿಯಾಗಿ ಒಣಗಿತ್ತು. 1882ರ ಸುಮಾರಿಗೆ ಆ ಬೋರ್ಡೋ ಸೀಮೆಯ ರೈತರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಬಳಿದ ಬಳ್ಳಿಗೆ ಬೂಜುರೋಗ ತಾಗದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರ್ ಗಮನಿಸಿ, 1885ರಲ್ಲಿ ಮದ್ದೆಂದು ಸಾರಿದ. 1910ರ ಹೊತ್ತಿಗೆ ಮೈಸೂರು ಸರ್ಕಾರದ ಕೋಲ್ಮನ್ ಸಾಹೇಬರು ಅದನ್ನೇ ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಹೊಡೆಸಿದರು. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ನಮ್ಮ ಮಕ್ಕಳಿಗೆ ಮಗ್ಗಿ ತಪ್ಪಿದರೂ ಈ ಲೆಕ್ಕ ತಪ್ಪುವುದಿಲ್ಲ.

“ಓ, ಇದು ಬೋರ್ಡೋದವರದ್ದಾ? ಮೊದಲೇ ಹೇಳಬಾರದಾ ಮಗಾ!” ಎಂದ ದೊಡ್ಡಮ್ಮ ಒಳಗಿಂದ ಚಾಕು ತರಿಸಿ, ಕೆಂಪು ವೈನಿನ ಲೋಟಕ್ಕೆ ಅದ್ದಿ, ಎತ್ತಿ, ಬೆಳಕಿಗೆ ಹಿಡಿದಳು. ಔಷಧಿಯಲ್ಲಿ ಸುಣ್ಣ ಸಾಲದಿದ್ದರೆ ಚಾಕುವಿಗೆ ತಾಮ್ರದ ಕೆಂಪು ಹತ್ತುತ್ತದೆ. ಹತ್ತಿರಲಿಲ್ಲ.

“ಹದ ಸರಿ ಇದೆ” ಎಂದು ಕೊನೆಗೌಡನ ಕಡೆ ಲೋಟ ಸರಿಸಿದಳು. “ಹೊಡಿ.”