ಬಿಡ್ತೀನಿ ಅನ್ನೋ ಸುಖ

ಕೆಲಸ ಬಿಡುವವರು ಸದ್ದಿಲ್ಲದೆ ಬಿಟ್ಟು ಹೋಗುತ್ತಾರೆ. ಬಿಡ್ತೀನಿ ಬಿಡ್ತೀನಿ ಅನ್ನುವವರೇ ಪಿಂಚಣಿ ಎಣಿಸುವ ತನಕ ಕುರ್ಚಿ ಬಿಡೋದಿಲ್ಲ. ನಂಬಿಕೆ ಬರದಿದ್ದರೆ ಸಿಕಂದರಾಬಾದಿನ ಮಾರೇಡ್‌ಪಲ್ಲಿಗೆ ಬಂದು ನಮ್ಮ ಕಾಕಾನನ್ನು ಮಾತಾಡಿಸಿ.

ಕಾಕಾ ಧಾರವಾಡದವರು, ರೈಲ್ ನಿಲಯಂನಲ್ಲಿ ಗುಮಾಸ್ತಿಕೆ. ಆಗ ಹುಬ್ಬಳ್ಳಿ ವಿಭಾಗವೂ ಇಲ್ಲಿನ ದಕ್ಷಿಣ ಮಧ್ಯ ರೈಲ್ವೆಯಲ್ಲೇ ಇತ್ತು. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ಶುರುವಾಗಿ ಹುಬ್ಬಳ್ಳಿಯೇ ಅದರ ಕೇಂದ್ರ ಕಚೇರಿಯಾಯಿತು. (ತಾರೀಖು ಕೇಳಿಯೇ ಕಾಕೂ ನಕ್ಕಿದ್ದಳಂತೆ.) ಬೆಂಗಳೂರು, ಮೈಸೂರು ವಿಭಾಗಗಳು ದಕ್ಷಿಣ ರೈಲ್ವೆಯಿಂದ ಅತ್ತ ಹೋದವು, ಹುಬ್ಬಳ್ಳಿ ನಮ್ಮಿಂದ ಹೋಯಿತು. ಹೊಸ ವಲಯಕ್ಕೆ ಜನ ಬೇಕಲ್ಲ? ಹೋಗುವವರು ಆಪ್ಷನ್ ಬರೆದುಕೊಡಿ ಅಂದರು.

ಊರು ತಾನಾಗಿ ಕರೆಯುತ್ತಿದೆ, ಸಂಬಳಕ್ಕೆ ಕತ್ತರಿಯಿಲ್ಲ, ಕೇಡರ್ ಮುಚ್ಚುವ ಮೊದಲು ಹೋದರೆ ಸೀನಿಯಾರಿಟಿಯೂ ಜೊತೆಗೆ ಬರುತ್ತದೆ. ಇಷ್ಟಾದ ಮೇಲೆ ಯೋಚನೆ ಏನಿದೆ ಅನ್ನುತ್ತೀರಿ. ಕಾಕಾ ಡೈರಿಯ ಒಂದು ಪುಟಕ್ಕೆ ನಡುವೆ ಗೆರೆ ಎಳೆದರು. ‘ಹೋದರೆ’ ಕೆಳಗೆ ಅವ್ವ, ಕನ್ನಡ ಸಾಲಿ, ಮಳಿ, ಮಿರ್ಚಿ–ಗಿರಮಿಟ್ಟು. ‘ಇದ್ದರೆ’ ಕೆಳಗೆ ಕ್ವಾರ್ಟರ್ಸು, ಕಾಕೂನ ನೌಕರಿ, ಲಾಲಾಗುಡಾ ರೈಲ್ವೆ ಆಸ್ಪತ್ರೆ, ಆಲ್ಫಾ ಹೋಟೆಲಿನ ಚಹಾ. ಆ ಪುಟ ನಾನು ಕಣ್ಣಾರೆ ನೋಡಿದ್ದೇನೆ. ‘ಚಹಾ’ಕ್ಕೆ ಎರಡು ಸಲ ಗೆರೆ ಎಳೆದಿದ್ದಾರೆ, ‘ಅವ್ವ’ನಿಗೆ ಒಂದೇ.

ಸಲಹೆ ಕೇಳೋದಕ್ಕೂ ಆಲ್ಫಾಕ್ಕೇ ಹೋದರು. ಸ್ಟೇಷನ್ನಿನ ಎದುರು, ಗಾಜಿನ ಗ್ಲಾಸು, ಉಸ್ಮಾನಿಯಾ ಬಿಸ್ಕೀಟು. ಹೋಗುವವರು ‘ನೀನೂ ಬಾ’ ಅಂದರು, ಇರುವವರು ‘ನೀನೂ ಇರು’ ಅಂದರು. ಯಾರಿಗೂ ಕಾಕಾನ ಭವಿಷ್ಯ ಬೇಕಿರಲಿಲ್ಲ, ತಮಗೊಂದು ಜೊತೆ ಬೇಕಿತ್ತು ಅಷ್ಟೆ. ಅಷ್ಟರಲ್ಲಿ ಗಡುವು ದಾಟಿತು.

ದಾಟಿದ ಮೇಲೆ ನೋಡಿ, ಕಾಕಾನಿಗೆ ಹುಬ್ಬಳ್ಳಿಯ ಮೇಲೆ ಪ್ರಾಣ ಬಂತು! ಸ್ವಂತ ಕೋರಿಕೆಯ ಮೇಲೆ ಹೋದರೆ ಸೀನಿಯಾರಿಟಿಯಲ್ಲಿ ಎಲ್ಲರಿಗಿಂತ ಕೆಳಗೆ ಕೂರಬೇಕು, ಅದು ಬೇಡ. ಉಳಿದದ್ದು ‘ಮ್ಯೂಚುಯಲ್’. ಅಲ್ಲಿಂದ ಇಲ್ಲಿಗೆ ಬರಲು ಒಪ್ಪುವ ಒಬ್ಬ ಸಿಗಬೇಕು, ಅವನ ಹುದ್ದೆ, ಗ್ರೇಡು ಎಲ್ಲ ನಮ್ಮದಕ್ಕೆ ಜಾತಕದಂತೆ ಕೂಡಿಬರಬೇಕು. ವರ್ಷಗಟ್ಟಲೆ ಹುಡುಕಿದರು. ನಡುನಡುವೆ ವಿಆರ್‌ಎಸ್ ಭೂತ. ಇಪ್ಪತ್ತು ವರ್ಷ ಸೇವೆಯಾಗಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಬೀಳಬಹುದು. ಮೇಲಧಿಕಾರಿ ಗದರಿದ ದಿನ ಅರ್ಜಿ ಬರೆಯೋದು, ಡಿಎ ಏರಿದ ದಿನ ಹರಿಯೋದು. ಕೊನೆಗೆ ಅರವತ್ತು ತುಂಬಿಸಿ, ಹಾರ ಹಾಕಿಸಿಕೊಂಡು, ಹಳೇ ಪಿಂಚಣಿಯ ಸಮೇತ ಮನೆಗೆ ಬಂದರು. 2019ರಲ್ಲಿ ವಿಶಾಖಪಟ್ಟಣಕ್ಕೆ ಹೊಸ ವಲಯ ಘೋಷಣೆಯಾದಾಗಿನಿಂದ ಆಪ್ಷನ್ ಬರೆಯಬೇಕೋ ಬೇಡವೋ ಎಂದು ಕೇಳಲು ಹುಡುಗರು ಇವರ ಬಳಿಗೇ ಬರುತ್ತಾರೆ. ಅನುಭವಸ್ಥರು ನೋಡಿ.

ಈಗ ಸರದಿ ಮಗಳದು. ಮೆಟ್ರೋ ಹತ್ತಿ ಹೈಟೆಕ್ ಸಿಟಿಗೆ ಹೋಗುತ್ತಾಳೆ, ವಾಪಸ್ ಬಂದು ‘ಪೇಪರ್ ಹಾಕ್ತೀನಿ’ ಅನ್ನುತ್ತಾಳೆ. ಬೆಂಗಳೂರಿನಿಂದ ಆಫರ್ ಬಂದಿದೆ, ಇಲ್ಲಿ ತೊಂಬತ್ತು ದಿನದ ನೋಟಿಸು. ಕಾಕಾ ಕ್ಯಾಲ್ಕ್ಯುಲೇಟರ್ ತೆಗೆದರು.

“ಐದು ವರ್ಷ ಆಗೇದೇನ?”

“ಇನ್ನೂ ಏಳು ತಿಂಗಳು ಬೇಕು, ಅಪ್ಪಾ.”

“ಅಂದ್ರ ಗ್ರಾಚ್ಯುಟಿ ಹೋತು! ಬೇಸಿಕ್ ನಲವತ್ತು ಸಾವಿರ. ವರ್ಷಕ್ಕ 15 ದಿನದ ಪಗಾರ, ತಿಂಗಳಿಗೆ 26 ದಿನದ ಲೆಕ್ಕ. ಐದು ವರ್ಷಕ್ಕ 1,15,384 ರೂಪಾಯಿ. ಸುಮ್ನ ಕೂಡು.”

“ಅಲ್ಲಿ ಮೂರು ತಿಂಗಳಲ್ಲಿ ಅಷ್ಟು ಜಾಸ್ತಿ ಬರುತ್ತಪ್ಪಾ.”

ಕಾಕಾ ಕ್ಯಾಲ್ಕ್ಯುಲೇಟರನ್ನೇ ದಿಟ್ಟಿಸಿದರು. ಆಮೇಲೆ ಅವಳಿಗೂ ಡೈರಿಯ ಒಂದು ಪುಟ ಹರಿದು ಕೊಟ್ಟು, ನಡುವೆ ಗೆರೆ ಎಳೆ ಅಂದರು. ಅವಳು ಎಳೆಯಲಿಲ್ಲ. ಪುಟದ ಹಿಂದೆ ಕಾಚಿಗುಡ–ಯಶವಂತಪುರ ವಂದೇ ಭಾರತದ ಹೊತ್ತು ಬರೆದುಕೊಂಡಳು.

“ನಿಮಗ ಆ ಕಾಲದಾಗ ಮ್ಯೂಚುಯಲ್ ಸಿಕ್ಕಿದ್ರ ಹೋಗ್ತಿದ್ರೇನು ಕಾಕಾ?” ಅಂತ ನಾನು ಸುಮ್ಮನೆ ಕೆದಕಿದೆ.

“ಹೋಗ್ತಿದ್ನೆಪಾ. ಸಿಗಬೇಕಲ್ಲ!”

ಒಳಗಿನಿಂದ ಕಾಕೂ, “ಸಿಕ್ಕಿದ್ದ. ಹುಬ್ಬಳ್ಳಿಯಿಂದ ಎರಡು ಸಲ ಫೋನ್ ಮಾಡಿದ್ದ, ಪಾಪ. ಎರಡೂ ಸಲ ಇವ್ರು ಆಲ್ಫಾದಾಗ ಇದ್ರು, ಯಾವ್ದರ ಮ್ಯೂಚುಯಲ್ ಸಿಗ್ತದೇನು ಕೇಳ್ಕೊಂತ.”